ಇಲಿ ಇನ್ನೂ ಓಡುತ್ತಿತ್ತು

ಒದ್ದೆಯಾದ ರವೆಗೆ ಒಂದು ವಾಸನೆ ಇರುತ್ತದೆ. ಹೇಳಿಕೊಳ್ಳುವಂಥದ್ದೇನಲ್ಲ. ಹಿಟ್ಟಿನ ಗಿರಣಿಯ ಬಾಗಿಲಲ್ಲಿ ನಿಂತಾಗ ಬರುತ್ತದಲ್ಲ, ಅದಕ್ಕೆ ಸ್ವಲ್ಪ ನೀರು ಸೇರಿಸಿದ ಹಾಗೆ. ಹೋದ ತಿಂಗಳು ಒಂದು ಶನಿವಾರ ಬೆಳಿಗ್ಗೆ, ಉಪ್ಪಿಟ್ಟಿಗೆಂದು ತೆಗೆದಿಟ್ಟ ರವೆಯ ಮೇಲೆ ಕೈತಪ್ಪಿ ಲೋಟದ ನೀರು ಚೆಲ್ಲಿಬಿಟ್ಟೆ. ನನ್ನನ್ನು ನಾನೇ ಬೈದುಕೊಂಡು ಬಳಿಯಲು ಹೋದೆ. ಬೆರಳುಗಳು ಬಳಿಯಲಿಲ್ಲ. ತಮ್ಮ ಪಾಡಿಗೆ ತಾವು ಆ ಒದ್ದೆ ರವೆಯನ್ನು ಹಿಸುಕಿ, ನಾದಿ, ಅಡುಗೆ ಕಟ್ಟೆಯ ಕಲ್ಲಿನ ಮೇಲೆ ದುಂಡಗೆ, ಚಪ್ಪಟೆಯಾಗಿ ಒತ್ತಿಬಿಟ್ಟವು. ಆ ಕೆಲಸ ಮಾಡಿ ಇಪ್ಪತ್ತು ವರ್ಷದ ಮೇಲಾಗಿತ್ತು.

ಮೃದಂಗದ ಎಡಗಡೆಗೆ ಹೀಗೆ ರವೆ ಹಚ್ಚುತ್ತಾರೆ. ಹಚ್ಚಿದರೆ ಆ ಚರ್ಮಕ್ಕೆ ಗುಂ ಎನ್ನುವ ತುಂಬು ದನಿ ಬರುತ್ತದೆ, ಇಲ್ಲದಿದ್ದರೆ ಖಾಲಿ ಡಬ್ಬ ತಟ್ಟಿದ ಹಾಗಿರುತ್ತದೆ. ಬಾರಿಸಿದ ಮೇಲೆ ಕೆರೆದು ತೆಗೆಯಬೇಕು, ಮುಂದಿನ ಸಲ ಮತ್ತೆ ಹೊಸದಾಗಿ ಹಚ್ಚಬೇಕು. ಇದನ್ನು ನನಗೆ ಕಲಿಸಿದವರು ಬನಶಂಕರಿಯ ನಮ್ಮ ಮೃದಂಗದ ಮೇಷ್ಟ್ರು. ಅವರು ತೀರಿಕೊಂಡ ಸುದ್ದಿ ರವೆ ಚೆಲ್ಲಿದ್ದಕ್ಕೆ ಎಂಟು ದಿನ ಮುಂಚೆ ವಾಟ್ಸ್ಯಾಪಿನಲ್ಲಿ ಬಂದಿತ್ತು. ನನ್ನ ಜೊತೆ ಪಾಠಕ್ಕೆ ಬರುತ್ತಿದ್ದವಳೊಬ್ಬಳು ಕಳಿಸಿದ್ದಳು. ಕೈಮುಗಿದ ಚಿತ್ರವೊಂದನ್ನು ಹಾಕಿ, ಮಗಳ ಟಿಫನ್ ಬಾಕ್ಸಿಗೆ ಮುಚ್ಚಳ ಹಾಕಿದೆ. ಅಳು ಬರಲಿಲ್ಲ. ಬರಬೇಕಿತ್ತು ಎಂದೂ ಅನ್ನಿಸಲಿಲ್ಲ. ಎಂಟು ದಿನ ಆಫೀಸಿಗೆ ಹೋದೆ, ಬಂದೆ, ಊಟ ಮಾಡಿದೆ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ನಮ್ಮ ತುಟಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲವಲ್ಲ, ಹಾಗಿದ್ದೆ.

ಮೇಷ್ಟ್ರ ಮನೆ ಬನಶಂಕರಿ ಎರಡನೇ ಹಂತದಲ್ಲಿತ್ತು. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲೇ ಪಾಠ. ಮಂಗಳವಾರ, ಶುಕ್ರವಾರ, ಸಂಜೆ ಐದಕ್ಕೆ. ಐದು ಜನ ಮಕ್ಕಳಿದ್ದೆವು, ಅದರಲ್ಲಿ ಹುಡುಗಿಯರು ಇಬ್ಬರೇ. ಮೇಷ್ಟ್ರು ಕುಳ್ಳಗೆ, ದುಂಡಗೆ ಇದ್ದರು. ಬಿಳಿ ಪಂಚೆ, ಅರ್ಧ ತೋಳಿನ ಶರ್ಟು, ಹಣೆಯ ಮೇಲೆ ಏರಿಸಿದ ಕನ್ನಡಕ. ಒಂದು ಕಾಲಕ್ಕೆ ನೃತ್ಯದ ತಂಡಗಳ ಜೊತೆ ಊರೂರು ಸುತ್ತಿ ಬಾರಿಸಿದವರು. ನಾನು ಸೇರುವ ಹೊತ್ತಿಗೆ ಕಛೇರಿಗಳಿಗೆ ಬಾರಿಸುವುದನ್ನು ಬಿಟ್ಟಿದ್ದರು. ಯಾರಾದರೂ ಕೇಳಿದರೆ ಬೆನ್ನು ನೋವು ಎನ್ನುತ್ತಿದ್ದರು. ಆದರೆ ನಮ್ಮೆದುರು ಎರಡು ಗಂಟೆ ಬೆನ್ನು ಬಗ್ಗಿಸದೆ ಕೂರುತ್ತಿದ್ದರು. ಅದೆಂಥ ಬೆನ್ನು ನೋವು ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಮಕ್ಕಳಿಗೆ ಅದೆಲ್ಲ ಯಾಕೆ ಬೇಕು…

ಅವರ ಪಾಠದಲ್ಲಿ ಒಂದು ವಿಚಿತ್ರವಿತ್ತು. ಅರ್ಧ ಗಂಟೆ ಮಾಮೂಲಿ ಪಾಠ ಆದ ಮೇಲೆ ಟೀವಿ ಹಾಕುತ್ತಿದ್ದರು. ಏಳು ನಿಮಿಷದ ಒಂದು ಹಳೆಯ ಕಾರ್ಟೂನು. ತಂಗಿಯ ಮಗ ರಜೆಗೆ ಬಂದಾಗ ಬಿಟ್ಟುಹೋದ ಸೀಡಿಯಂತೆ. ಎರಡು ಬೆಕ್ಕು, ಮೂರು ಇಲಿ, ಒಂದು ದೊಡ್ಡ ಅಡುಗೆಮನೆ, ಅಷ್ಟೇ ಅದರ ಕಥೆ. ಬೆಕ್ಕುಗಳು ಇಲಿ ಹಿಡಿಯಲು ಹೋಗಿ ಒಂದರ ಮೇಲೊಂದು ಬೀಳುತ್ತವೆ, ತಟ್ಟೆಗಳ ಸಾಲು ಉರುಳುತ್ತದೆ, ಇಲಿಗಳು ಶೆಲ್ಫಿನಿಂದ ಶೆಲ್ಫಿಗೆ ಓಡುತ್ತವೆ. ಮೇಷ್ಟ್ರು ಟೀವಿಯ ಸೌಂಡನ್ನು ಪೂರ್ತಿ ತೆಗೆದು, ಈಗ ನೀವೇ ಬ್ಯಾಂಡು, ಬಾರಿಸಿ ಎನ್ನುತ್ತಿದ್ದರು.

ದಪ್ಪ ಬೆಕ್ಕು ನಡೆದರೆ ನಿಧಾನದ ತಕಧಿಮಿ. ಸಣಕಲು ಬೆಕ್ಕಿಗೆ ಅದೇ, ಎರಡರಷ್ಟು ವೇಗದಲ್ಲಿ. ಇಲಿಗಳಿಗೆ ತಕಿಟ ತಕಿಟ. ಬೆಕ್ಕು ಓಡುವ ಭರದಲ್ಲಿ ಶೆಲ್ಫು ಮುಗಿದದ್ದು ಗೊತ್ತಾಗದೆ ಒಂದು ಕ್ಷಣ ಗಾಳಿಯಲ್ಲಿ ನಿಲ್ಲುತ್ತದೆ. ಆಗ ಐದೂ ಜನರ ಹತ್ತು ಕೈ ಮೇಲೆ. ಅದು ಬಿದ್ದ ತಕ್ಷಣ ಎಡಗೈಯಿಂದ ಒಂದೇ ಒಂದು ಪೆಟ್ಟು. ಬೀಳುವ ಮುಂಚೆ ಬಾರಿಸಿದರೂ ನಗು ಬರುವುದಿಲ್ಲ, ಬಿದ್ದು ಎಷ್ಟೋ ಹೊತ್ತಾದ ಮೇಲೆ ಬಾರಿಸಿದರೂ ಬರುವುದಿಲ್ಲ ಎನ್ನುತ್ತಿದ್ದರು. ಆ ಕಾರ್ಟೂನಿನ ನಿಜವಾದ ಸಂಗೀತ ಹೇಗಿದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ನಮ್ಮದೇ ಅದರ ಸಂಗೀತ ಅಂದುಕೊಂಡಿದ್ದೆವು.

ನಮ್ಮಮ್ಮನಿಗೆ ಇದು ಸುತರಾಂ ಹಿಡಿಸಿರಲಿಲ್ಲ. ಪಾಠ ಅಂತ ಹೋಗಿ ಟೀವಿ ನೋಡಿಕೊಂಡು ಬರುತ್ತೀಯಲ್ಲ, ಅದನ್ನು ಮನೆಯಲ್ಲೇ ನೋಡು ಎಂದು ಮಂಗಳಾರತಿ ಎತ್ತುತ್ತಿದ್ದಳು. ನನಗಂತೂ ಆ ಏಳು ನಿಮಿಷಕ್ಕೋಸ್ಕರವೇ ಪಾಠ. ಕೈಯನ್ನು ನೋಡದೆ, ಕಣ್ಣಿಗೆ ಕಂಡದ್ದನ್ನು ಬೆರಳಿನಿಂದ ಹೇಳುವುದು ಬಂದುಬಿಟ್ಟಿತ್ತು. ಹಾಗೆ ನೋಡಿದರೆ ನಾನು ಜೀವನದಲ್ಲಿ ಚೆನ್ನಾಗಿ ಕಲಿತದ್ದು ಅದೊಂದೇ ಇರಬೇಕು.

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ತಡವಾಗಿ ಹೋಗಿ, ಅವಸರದಲ್ಲಿ ರವೆ ಹಚ್ಚುವುದನ್ನೇ ಮರೆತು ಬಾರಿಸಲು ಕೂತೆ. ಮಿಕ್ಕವರು ಅವತ್ತು ಯಾವುದೋ ಪರೀಕ್ಷೆಯೆಂದು ಬಂದಿರಲಿಲ್ಲ. ಎಡಗಡೆ ಟಪ್ ಟಪ್ ಎನ್ನುತ್ತಿದೆ, ಕೇಳಲಾಗದಷ್ಟು ಕೆಟ್ಟದಾಗಿ. ಈಗ ಬೈಯುತ್ತಾರೆ, ಈಗ ಬೈಯುತ್ತಾರೆ ಎಂದು ಜೀವ ಕೈಯಲ್ಲಿ ಹಿಡಿದುಕೊಂಡು ಬಾರಿಸುತ್ತಿದ್ದರೆ, ಮೇಷ್ಟ್ರು ನನ್ನ ಕೈಯನ್ನೂ ಟೀವಿಯನ್ನೂ ನೋಡಿ ತಲೆದೂಗಿ, ಭೇಷ್ ಅಂದರು. ಬೆಕ್ಕು ಬಿದ್ದದ್ದೂ ನನ್ನ ಎಡಗೈ ಬಿದ್ದದ್ದೂ ಒಟ್ಟಿಗೇ ಆಗಿತ್ತು. ಅವರಿಗೆ ಕಂಡದ್ದು ಅಷ್ಟೇ. ಅವರಿಗೆ ಕೇಳಿಸುತ್ತಿರಲಿಲ್ಲ.

ಅಲ್ಲಿಗೆ ಸುಮ್ಮನಾಗಿದ್ದರೆ ಆಗುತ್ತಿತ್ತು. ಶುಕ್ರವಾರವೂ ರವೆ ಹಚ್ಚಲಿಲ್ಲ, ಬೇಕಂತಲೇ. ಹದಿನಾಲ್ಕು ವರ್ಷದವಳ ಕೆಟ್ಟ ಬುದ್ಧಿ. ಪಕ್ಕದವಳು ನನ್ನ ಮುಖ ನೋಡಿದಳು. ನಾನು ಏನೂ ಆಗದವಳ ಹಾಗೆ ಬಾರಿಸಿದೆ. ಮೇಷ್ಟ್ರು ಮತ್ತೆ ತಲೆದೂಗಿದರು. ಎಲ್ಲರೂ ಹೋದ ಮೇಲೆ ನಾನು ಮೃದಂಗಕ್ಕೆ ಗವಸು ಹಾಕುವಾಗ ಅವರು ಬಂದು ಎಡಗಡೆಯ ಚರ್ಮದ ಮೇಲೆ ಬೆರಳಾಡಿಸಿದರು. ಕೆರೆದ ಮೇಲೂ ಉಳಿಯಬೇಕಾದ ರವೆಯ ಅಂಟು ಬೆರಳಿಗೆ ತಗಲಲಿಲ್ಲ. ಆ ಬೆರಳನ್ನು ಸ್ವಲ್ಪ ಹೊತ್ತು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಯಾರಿಗೂ ಹೇಳ್ಬೇಡ ಪುಟ್ಟಿ" ಅಂದರು. "ಗೊತ್ತಾದ್ರೆ ಮಕ್ಕಳನ್ನ ಬಿಡಿಸ್ಬಿಡ್ತಾರೆ. ನನಗೆ ಉಳಿದಿರೋದು ಇದೊಂದೇ."

ಕಛೇರಿ ಬಿಟ್ಟದ್ದು ಬೆನ್ನಿಗಾಗಿ ಅಲ್ಲ, ಕಿವಿಗಾಗಿ. ಟೀವಿಯ ಸೌಂಡು ತೆಗೆದು ಕಾರ್ಟೂನು ಹಾಕುತ್ತಿದ್ದದ್ದು ನಮ್ಮ ಖುಷಿಗಲ್ಲ, ನಾವು ಸರಿಯಾಗಿ ಬಾರಿಸುತ್ತಿದ್ದೇವೋ ಇಲ್ಲವೋ ಎಂದು ಕಣ್ಣಿನಿಂದ ತಿಳಿದುಕೊಳ್ಳುವುದಕ್ಕೆ. ನಮ್ಮನ್ನು ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂರಿಸುತ್ತಿದ್ದದ್ದು ನಮ್ಮ ತುಟಿ ಕಾಣಲಿ ಎಂದು. ಇದು ಗೊತ್ತಿದ್ದವರು ಅವರ ಹೆಂಡತಿ ಒಬ್ಬರೇ. ಆಂಟಿ ಅಡುಗೆಮನೆ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಾ ಕೂತಿರುತ್ತಿದ್ದರು. ಬಾಗಿಲಿನ ಬೆಲ್ ಆದರೆ ಮೇಷ್ಟ್ರಿಗೆ ಕಣ್ಣಲ್ಲೇ ಹೇಳುತ್ತಿದ್ದರು. ಅವತ್ತಿನಿಂದ ನಾನು ಎರಡನೆಯವಳಾದೆ. ಶ್ರುತಿ ಸೇರಿಸು ಎಂದು ಎಲ್ಲರ ಮೃದಂಗವನ್ನೂ ನನ್ನ ಕೈಗೇ ಕೊಡುತ್ತಿದ್ದರು. ಯಾರದಾದರೂ ದನಿ ಕೆಟ್ಟರೆ ನಾನು ಮೂಗು ಮುಟ್ಟಿಕೊಳ್ಳುತ್ತಿದ್ದೆ, ಅವರು ಆ ಹುಡುಗನನ್ನು ಗದರಿಸುತ್ತಿದ್ದರು. ನನಗೆ ಒಳಗೊಳಗೇ ಜಂಬ. ಅಷ್ಟು ದೊಡ್ಡ ವಿದ್ವಾಂಸರಿಗೆ ನಾನು ಕಿವಿ ಅಂತ.

ಅದೇ ವರ್ಷ ನಮ್ಮ ಬಡಾವಣೆಯ ಸಂಘದವರು ವಾರ್ಷಿಕೋತ್ಸವಕ್ಕೆ ಮೇಷ್ಟ್ರ ಮಕ್ಕಳದ್ದೊಂದು ಕಾರ್ಯಕ್ರಮ ಇರಲಿ ಎಂದರು. ಭಾನುವಾರ ಬೆಳಿಗ್ಗೆ, ಸಂಘದ ಹಾಲ್‌ನಲ್ಲಿ. ಮೇಷ್ಟ್ರು ಬಹಳ ಯೋಚನೆ ಮಾಡಿ, ಕಾರ್ಟೂನನ್ನೇ ದೊಡ್ಡ ಪರದೆಗೆ ಹಾಕಿ ಅದಕ್ಕೆ ನಾವು ಬಾರಿಸುವುದು ಎಂದು ತೀರ್ಮಾನಿಸಿದರು. ಒಂದೂವರೆ ತಿಂಗಳು ತಾಲೀಮು. ಅವರಲ್ಲಿ ಒಂದು ಹುರುಪು ಬಂದಿತ್ತು. ಜನ ನೋಡಿ ಇನ್ನಷ್ಟು ಮಕ್ಕಳನ್ನು ಕಳಿಸುತ್ತಾರೆ ಎನ್ನುವ ಆಸೆ ಒಂದು ಕಡೆ. ಮತ್ತೆ ವೇದಿಕೆಯ ಮೇಲೆ ಕೂರುವುದೇ ಒಂದು ಕಡೆ. ಕಾರ್ಯಕ್ರಮಕ್ಕೆ ಮೂರು ದಿನವಿದ್ದಾಗ ಮೈಸೂರಿನಲ್ಲಿ ಆಂಟಿಯ ಅಕ್ಕನಿಗೆ ಹುಷಾರು ತಪ್ಪಿ, ಅವರು ಹೊರಟು ನಿಂತರು. ಗೇಟಿನ ಹತ್ತಿರ ನನ್ನ ಕೈ ಹಿಡಿದು, ನೀನಿದ್ದೀಯಲ್ಲ, ಅವರನ್ನ ನೋಡ್ಕೋ ಅಂದರು. ನಾನು ದೊಡ್ಡವಳ ಹಾಗೆ ಆಯ್ತು ಎಂದೆ.

ಹಾಲ್ ತುಂಬಿತ್ತು. ನಾವು ಐದು ಜನ ಪರದೆ ಕಾಣುವ ಹಾಗೆ ಓರೆಯಾಗಿ ಕೂತಿದ್ದೆವು, ಮೇಷ್ಟ್ರು ನಮ್ಮೆದುರು, ಕೈಯಲ್ಲಿ ತಾಳ ಹಾಕುತ್ತಾ. ಸೌಂಡ್ ಬೇಡ ಎಂದು ಪ್ರೊಜೆಕ್ಟರಿನವರಿಗೆ ನಾನೇ ಹೇಳಿ ಬಂದಿದ್ದೆ. ಮೊದಲ ಎರಡು ನಿಮಿಷ ಚೆನ್ನಾಗಿ ನಡೆಯಿತು. ದಪ್ಪ ಬೆಕ್ಕು ಗಾಳಿಯಲ್ಲಿ ನಿಂತಿತು, ನಮ್ಮ ಕೈ ನಿಂತಿತು, ಹಾಲ್ ಪೂರ್ತಿ ಉಸಿರು ಹಿಡಿಯಿತು. ಬಿದ್ದಾಗ ಎಲ್ಲರೂ ನಕ್ಕರು. ಆ ನಗು ನಮ್ಮದು. ಇವತ್ತಿಗೂ ಅದನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಆಮೇಲೆ ಮುಂದಿನ ಸಾಲಿನಿಂದ ಯಾರೋ ಹಿರಿಯರು, ಏನ್ರೀ, ಸೌಂಡೇ ಬರ್ತಿಲ್ಲ ಎಂದು ಕೂಗಿದರು. ಪ್ರೊಜೆಕ್ಟರಿನವರು ಗಾಬರಿಯಾಗಿ ಒಂದು ವೈರು ಚುಚ್ಚಿದರು. ಅವರದೇನೂ ತಪ್ಪಿಲ್ಲ, ಉಪಕಾರ ಮಾಡಲು ಹೋದರು. ಕಾರ್ಟೂನಿನ ಬ್ಯಾಂಡು ಒಮ್ಮೆಗೇ ಹಾಲ್ ಒಡೆದುಹೋಗುವಷ್ಟು ಜೋರಾಗಿ ಬಂತು. ಪೀಪಿ, ಗಂಟೆ, ತಟ್ಟೆ ಒಡೆಯುವ ಸದ್ದು. ನಾವು ಬಾರಿಸಿದ್ದು ನಮಗೇ ಕೇಳಿಸಲಿಲ್ಲ. ಮೇಷ್ಟ್ರು ಮಾತ್ರ ಹಾಗೇ ತಾಳ ಹಾಕುತ್ತಿದ್ದರು. ತಲೆದೂಗುತ್ತಿದ್ದರು. ಜನ ನಗುವುದನ್ನು ನೋಡಿ ಅವರ ಮುಖವೂ ಅರಳಿತು, ಭೇಷ್ ಭೇಷ್ ಎಂದು ಜೋರಾಗಿ ಹೇಳಿದರು. ಚಿಕ್ಕ ಮಕ್ಕಳು ಬೆಕ್ಕಿಗೆ ನಗುತ್ತಿದ್ದರು. ದೊಡ್ಡವರು ಮೇಷ್ಟ್ರನ್ನು ನೋಡಿ ನಗಲು ಶುರು ಮಾಡಿದ್ದರು.

ನಾನು ಬಾರಿಸುತ್ತಾ ಇರಬಹುದಿತ್ತು. ಉಳಿದದ್ದು ನಾಲ್ಕು ನಿಮಿಷ. ಬಾರಿಸಿ ಮುಗಿಸಿದ್ದರೆ ಮೇಷ್ಟ್ರು ಎದ್ದು ನಿಂತು ಕೈಮುಗಿದು, ಖುಷಿಯಾಗಿ ಮನೆಗೆ ಹೋಗುತ್ತಿದ್ದರು. ನಕ್ಕವರು ಇವರಿಗೆ ಏನೋ ಪ್ರಯೋಗದ ಹುಚ್ಚು ಎಂದುಕೊಂಡು ಇಡ್ಲಿ ವಡೆ ತಿನ್ನಲು ಹೋಗುತ್ತಿದ್ದರು. ಇದೆಲ್ಲ ನನಗೆ ಆ ಕ್ಷಣದಲ್ಲೇ ಗೊತ್ತಿತ್ತು, ಆಮೇಲೆ ಹೊಳೆದದ್ದಲ್ಲ. ಮಿಕ್ಕ ನಾಲ್ವರೂ ಕಕ್ಕಾಬಿಕ್ಕಿಯಾಗಿ ನನ್ನ ಕೈಯನ್ನೇ ನೋಡಿಕೊಂಡು ಬಾರಿಸುತ್ತಿದ್ದರು. ಮೂರನೇ ಸಾಲಿನಲ್ಲಿ ನನ್ನ ಸ್ಕೂಲಿನ ಇಬ್ಬರು ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದರು. ನಾಳೆ ಕ್ಲಾಸಿನಲ್ಲಿ ಇವರು ಏನನ್ನುತ್ತಾರೋ ಎನ್ನುವುದು ಒಂದೇ ತಲೆಗೆ ಬಂತು. ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ. ನನ್ನನ್ನು ನೋಡಿ ಉಳಿದವರೂ ನಿಲ್ಲಿಸಿದರು.

ಮೇಷ್ಟ್ರು ತಾಳ ನಿಲ್ಲಿಸಿ, ಇಡೀ ಹಾಲ್‌ಗೆ ಕೇಳುವ ಹಾಗೆ ಕೇಳಿದರು. "ಯಾಕೆ ನಿಲ್ಲಿಸ್ದೆ? ಇಲಿ ಇನ್ನೂ ಓಡ್ತಾ ಇದೆಯಲ್ಲ."

ನಗು ನಿಂತುಹೋಯಿತು. ಅದು ನಿಂತದ್ದು ನಗುವುದಕ್ಕಿಂತ ಕೆಟ್ಟದಾಗಿತ್ತು. ಎಲ್ಲರಿಗೂ ಅರ್ಥವಾಗಿತ್ತು, ಬ್ಯಾಂಡು ಮಾತ್ರ ಬಡಿಯುತ್ತಲೇ ಇತ್ತು. ಮೇಷ್ಟ್ರು ಜನರ ಮುಖ ನೋಡಿದರು, ನನ್ನ ಮುಖ ನೋಡಿದರು. ನನ್ನ ಪಕ್ಕದವಳು ವೇದಿಕೆಯ ಮೂಲೆಯಲ್ಲಿದ್ದ ಸ್ಪೀಕರಿನ ಕಡೆಗೆ ಕೈ ತೋರಿಸಿದಳು. ಅವರು ಎದ್ದು ಹೋಗಿ ಅದರ ಮೇಲೆ ಅಂಗೈ ಇಟ್ಟರು. ಅದು ಅದುರುತ್ತಿತ್ತು. ಆಮೇಲೆ ತಿರುಗಿ ಬಂದು, ಏಳಿ, ಆಯ್ತು ಎಂದು ನಮ್ಮನ್ನು ಎಬ್ಬಿಸಿದರು. ತಮ್ಮ ಪಂಚೆಯನ್ನು ಸರಿಮಾಡಿಕೊಂಡು, ಜನರಿಗೆ ಕೈಮುಗಿದು ಇಳಿದು ಹೋದರು.

ಮಂಗಳವಾರ ಪಾಠಕ್ಕೆ ಬಂದವಳು ನಾನೊಬ್ಬಳೇ. ಮಿಕ್ಕ ನಾಲ್ಕೂ ಮನೆಯವರು ಬಿಡಿಸಿದ್ದರು. ಆಂಟಿ ಮೈಸೂರಿನಿಂದ ಇನ್ನೂ ಬಂದಿರಲಿಲ್ಲ. ನಾನು ರವೆ ಕಲಸಿ ಹಚ್ಚಿದೆ, ತಲೆ ತಗ್ಗಿಸಿ ಕೂತೆ. ಮೇಷ್ಟ್ರು ಟೀವಿ ಹಾಕಲಿಲ್ಲ. ನನ್ನೆದುರು ಕೂತು, ಮುಖ ಎತ್ತು ಎಂದು ಸನ್ನೆ ಮಾಡಿದರು.

"ಅವತ್ತು ಜನ ನಕ್ಕಿದ್ದು ಬೆಕ್ಕಿಗಾ, ನನಗಾ?"

"ಬೆಕ್ಕಿಗೆ ಸಾರ್" ಎಂದೆ. ಬಾಯಿ ಅಗಲಿಸಿ, ಒಂದೊಂದು ಅಕ್ಷರವೂ ಕಾಣುವ ಹಾಗೆ ಹೇಳಿದೆ. ಅವರಿಗೆ ತುಟಿ ಮಾತ್ರ ಕಾಣುತ್ತಿತ್ತು. ನನ್ನ ದನಿ ಹೇಗೆ ನಡುಗಿತು ಎನ್ನುವುದು ಕೇಳಿಸುವಂತಿರಲಿಲ್ಲ. ಅವರು ಸರಿ ಎಂದು ತಲೆಯಾಡಿಸಿದರು. ಯಾಕೆ ನಿಲ್ಲಿಸಿದೆ ಎಂದು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ…

ಇನ್ನೆರಡು ವಾರ ಹೋದೆ. ಆಮೇಲೆ ಹತ್ತನೇ ಕ್ಲಾಸು ಬರ್ತಾ ಇದೆ, ಓದಬೇಕು ಎಂದು ಅಮ್ಮ ಹೇಳಿದಳು. ಅಮ್ಮ ಹೇಳಿದಳು ಎಂದರೆ, ನಾನು ಹೇಳಿಸಿದೆ. ಮೃದಂಗ ಅಟ್ಟಕ್ಕೆ ಹೋಯಿತು. ಮೇಷ್ಟ್ರ ಬೀದಿಯಲ್ಲಿ ಹೋಗಬೇಕಾಗಿ ಬಂದರೆ ಪಾರ್ಕು ಸುತ್ತಿಕೊಂಡು ಹೋಗುತ್ತಿದ್ದೆ. ಎರಡು ವರ್ಷಕ್ಕೆ ಅವರು ಆ ಮನೆ ಖಾಲಿ ಮಾಡಿದರು ಎಂದು ಯಾರೋ ಹೇಳಿದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಒಂದು ಕಡೆ ಹಾಯೆನಿಸಿತು ಕೂಡ. ಪಾರ್ಕು ಸುತ್ತುವುದು ತಪ್ಪಿತಲ್ಲ.

ರವೆ ಚೆಲ್ಲಿದ ಮಾರನೆಯ ದಿನ, ಭಾನುವಾರ, ಸುದ್ದಿ ಕಳಿಸಿದವಳಿಂದ ವಿಳಾಸ ತೆಗೆದುಕೊಂಡು ಹೋದೆ. ಅರೆಕೆರೆಯಲ್ಲಿ ಮಗಳ ಫ್ಲ್ಯಾಟು. ಮೇಷ್ಟ್ರೂ ಆಂಟಿಯೂ ಹನ್ನೆರಡು ವರ್ಷದಿಂದ ಅಲ್ಲೇ ಇದ್ದರಂತೆ. ನನ್ನ ಆಫೀಸಿನ ಬಸ್ಸು ಬನ್ನೇರುಘಟ್ಟ ರಸ್ತೆಯಲ್ಲಿ ಆ ತಿರುವನ್ನು ದಿನಕ್ಕೆರಡು ಸಲ ದಾಟುತ್ತದೆ. ಹೋಗುವಾಗ ಒಂದು ತೀರ್ಮಾನ ಮಾಡಿಕೊಂಡಿದ್ದೆ. ನಿಲ್ಲಿಸಿದ್ದು ನಾನೇ ಎಂದು ಆಂಟಿಗೆ ಹೇಳಿ, ತಪ್ಪಾಯಿತು ಎಂದು ಕಾಲು ಮುಟ್ಟಿ ಬರುವುದು. ಇನ್ನು ಯಾರಿಗೆ ಹೇಳಲಿ?

ಆಂಟಿ ಬಹಳ ಇಳಿದುಹೋಗಿದ್ದರು. ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು, ಹಿಡಿದ ಮೇಲೆ ನನ್ನ ಕೈಯನ್ನು ಬಿಡಲೇ ಇಲ್ಲ. ಕೊನೆಗಾಲದಲ್ಲಿ ಮೇಷ್ಟ್ರಿಗೆ ಕಣ್ಣೂ ಮಂಜಾಗಿ ತುಟಿಯೂ ಕಾಣುತ್ತಿರಲಿಲ್ಲವಂತೆ. ಅಂಗೈಯಲ್ಲಿ ಅಕ್ಷರ ಬರೆದು ಹೇಳಬೇಕಾಗಿತ್ತಂತೆ. ಅವರು ಒಂದೊಂದೇ ಹೇಳುತ್ತಿದ್ದರು, ನನ್ನೊಳಗೆ ಏನೂ ಅಲುಗಲಿಲ್ಲ. ನಾನು ಹೇಳಬೇಕಾದ ಮಾತನ್ನು ಬಾಯಿಯ ತುದಿಯಲ್ಲಿಟ್ಟುಕೊಂಡು ಕೂತಿದ್ದೆ. ಅಷ್ಟರಲ್ಲಿ ಅವರೇ ಶುರು ಮಾಡಿದರು.

"ನಾನು ಅವತ್ತು ಊರಲ್ಲಿರ್ಲಿಲ್ಲ. ಏನಾಯ್ತು ಅಂತ ಎಷ್ಟ್ ಸಲ ಕೇಳಿದ್ರೂ ಅವ್ರದ್ದು ಒಂದೇ ಮಾತು. ಸೌಂಡ್ ಬಂದ್ಬಿಡ್ತು, ಮಕ್ಕಳೆಲ್ಲ ಗಾಬರಿಯಾಗಿ ಕೈ ಬಿಟ್ಬಿಟ್ರು, ಆ ಹುಡುಗಿ ಒಬ್ಳು ಮಾತ್ರ ಕೊನೇವರೆಗೂ ಬಾರಿಸಿದ್ಳು ಅಂತ. ಯಾರ್ ಬಂದ್ರೂ ಅದನ್ನೇ ಹೇಳೋರು. ನನ್ನ ಕೈ ಬಿಡದೇ ಇದ್ದೋಳು ಅವಳೊಬ್ಳೇ ಅನ್ನೋರು."

ಆಮೇಲೆ ನನ್ನ ಮುಖವನ್ನೇ ನೋಡಿ, "ಹೌದು ತಾನೆ?" ಅಂದರು.

ಇಪ್ಪತ್ತು ವರ್ಷ ಅವರು ನನಗೋಸ್ಕರ ಈ ಸುಳ್ಳು ಹೇಳಿಕೊಂಡು ಬಂದಿದ್ದರು. ನನಗೋಸ್ಕರವೋ, ತಮಗೋಸ್ಕರವೋ, ಹೆಂಡತಿ ಕೊರಗದಿರಲಿ ಎಂದೋ, ಇನ್ನು ಕೇಳಲಾಗುವುದಿಲ್ಲ. ಇಲ್ಲ ಆಂಟಿ ಎಂದರೆ ನನ್ನ ಎದೆ ಹಗುರಾಗುತ್ತಿತ್ತು. ಅವರ ಕೈಯಲ್ಲಿ ಉಳಿದಿದ್ದ ಆ ಒಂದು ಸಮಾಧಾನವೂ ಹೋಗುತ್ತಿತ್ತು.

"ಹೌದು ಆಂಟಿ, ಕೊನೇವರೆಗೂ ಬಾರಿಸ್ದೆ" ಎಂದೆ.

ಸದ್ಯ, ಅಷ್ಟು ಸಾಕು ಬಿಡು ಎಂದು ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಕಾಫಿ ಕುಡಿಸದೆ ಕಳಿಸಲಿಲ್ಲ. ಬಸ್ ಸ್ಟಾಪಿನಲ್ಲಿ ನನ್ನ ಬಸ್ಸು ಬಂತು, ಹೋಯಿತು. ಎರಡನೆಯದೂ ಹೋಯಿತು. ನನಗೆ ದುಃಖವಾಗಿತ್ತು. ಬರೀ ದುಃಖ, ಅದಕ್ಕೆ ಬೇರೆ ಹೆಸರಿಲ್ಲ. ತಪ್ಪಾಯಿತು ಎಂದು ಹೇಳಬಹುದಾದ ಮನೆ ಇಡೀ ಊರಿನಲ್ಲಿ ಅದೊಂದೇ ಉಳಿದಿತ್ತು, ಅಲ್ಲೂ ಹೇಳದೆ ಬಂದೆ. ಮೇಷ್ಟ್ರು ಹೇಳಿದ್ದೂ, ಅದು ಸುಳ್ಳು ಎನ್ನುವುದೂ ಎರಡೂ ಗೊತ್ತಿರುವವಳು ಈಗ ನಾನೊಬ್ಬಳೇ.